ರೆಪ್ಪೆಯ ಗುಳ್ಳೆ, ಮಠದ ಒಲೆ

ನಮ್ಮ ಊರಿನ ಮಠದ ಅಡುಗೆಮನೆಯಲ್ಲಿ ಸಾಲಾಗಿ ಏಳು ಒಲೆಗಳಿವೆ. ಆಳಂದದಿಂದ ಖಜೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಸಿಗುವ ಸಣ್ಣ ಊರು ನಮ್ಮದು. ಶ್ರಾವಣ ತಿಂಗಳಿಡೀ ಮಠದಲ್ಲಿ ಪುರಾಣ ಹೇಳಿಸುತ್ತಾರೆ. ಅದು ಮುಗಿಯುವ ದಿನ ಸುತ್ತಲಿನ ಹಳ್ಳಿಗಳ ಜನವೆಲ್ಲ ಬಂದು ದಾಸೋಹದಲ್ಲಿ ಕೂತು ಉಣ್ಣುತ್ತಾರೆ. ಅಷ್ಟು ಜನಕ್ಕೆ ರೊಟ್ಟಿ ಒಂದು ದಿನದಲ್ಲಿ ಆಗುವಂಥದ್ದಲ್ಲ. ಎಂಟು ದಿನ ಮೊದಲೇ ಊರ ಹೆಂಗಸರು ಆ ಏಳು ಒಲೆಗಳ ಮುಂದೆ ಕೂತು ಜೋಳದ ರೊಟ್ಟಿ ಬಡಿದು, ಒಣಗಿಸಿ, ಒಟ್ಟಿ ಇಡುತ್ತಾರೆ. ಬಾಗಿಲ ಪಕ್ಕದ್ದು ಮೊದಲ ಒಲೆ. ಅದರ ಮೇಲಿಂದ ಇಳಿದ ಮೊದಲ ರೊಟ್ಟಿ ಗದ್ದುಗೆಗೆ ಹೋಗುತ್ತದೆ. ಆ ಒಲೆ ನನ್ನ ಅತ್ತೆಯದಾಗಿತ್ತು. ಅವರ ಕೈಸೋತ ಮೇಲೆ ಹನ್ನೆರಡು ವರ್ಷ ನನ್ನದಾಗಿತ್ತು.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕೇ ಹೇಳುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ಹೊಲ ನನ್ನ ಹೆಸರಲ್ಲಿಲ್ಲ, ಮನೆ ನನ್ನ ಹೆಸರಲ್ಲಿಲ್ಲ. ನನ್ನ ಹೆಸರಲ್ಲಿದ್ದದ್ದು ಅದೊಂದೇ ಒಲೆ.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ನನ್ನ ಕಣ್ಣಿನ ಕೆಳರೆಪ್ಪೆಗಳ ಅಂಚಿಗೆ ನೀರ್ಗುಳ್ಳೆಗಳು ಎದ್ದವು. ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಸಾಸಿವೆಗಿಂತ ದೊಡ್ಡವು, ಜೋಳದ ಕಾಳಿಗಿಂತ ಸಣ್ಣವು. ಒಳಗೆ ನೀರಿದ್ದದ್ದು ಹೊರಗಿನಿಂದಲೇ ಕಾಣುತ್ತಿತ್ತು, ಬೆಳಕಿಗೆ ಹಿಡಿದರೆ ತುಸು ನೀಲಿ. ನೋವಿಲ್ಲ, ತುರಿಕೆಯಿಲ್ಲ, ಕೀವಿಲ್ಲ. ಹೀಗಾಗಿ ನಾನು ಅವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಲೆಕ್ಕಕ್ಕೆ ಹಿಡಿದವಳು ಸುಭದ್ರಾಬಾಯಿ. ಅವಳು ನಮ್ಮ ಹಿತ್ತಲ ಗೋಡೆಯ ಆಚೆಯ ಮನೆಯವಳು. ಅವಳ ಗಂಡ ಶಾಂತಲಿಂಗಪ್ಪ ದಾಸೋಹದ ಮೇಲುಸ್ತುವಾರಿ ನೋಡುತ್ತಿದ್ದ ಹಿರಿಯರು. ಆ ಶ್ರಾವಣದಲ್ಲಿ ರೊಟ್ಟಿ ಬಡಿಯಲು ಕೂತ ಎರಡನೇ ದಿನ, ಮಧ್ಯಾಹ್ನದ ಹೊತ್ತಿಗೆ, ಒಲೆಯ ಧಗೆಗೆ ನನ್ನ ಗುಳ್ಳೆಗಳು ಉಬ್ಬಿ ಕೂತಿದ್ದವು. ಮೂರನೇ ಒಲೆಯಿಂದ ಅವಳು ಕತ್ತು ಚಾಚಿ ನೋಡಿದಳು. ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದೇ ಬಂದಳು.

“ಹೀರಾಬಾಯಿ, ಇದೇನಬೇ ನಿನ್ನ ಕಣ್ಣಾಗ? ಆ ಗುಳ್ಳಿ ಒಡ್ದು ನೀರು ಹಿಟ್ಟಿನ್ಯಾಗ ಬಿದ್ರ ಊರ ಮಂದಿ ಕಣ್ಣಿನ ಗತಿ ಏನು?”

“ಮೂರು ತಿಂಗಳಾಯ್ತು, ಒಂದೂ ಒಡ್ದಿಲ್ಲ. ನಮ್ಮ ಮನ್ಯಾಗ ಗಂಡ, ಇಬ್ಬರು ಮಕ್ಕಳು ದಿನಾ ನನ್ನ ಕೈಲೇ ಉಣ್ತಾರ. ಯಾರಿಗಿ ಏನಾಗ್ಯಾದ?”

“ಮನಿ ಮಂದಿಗಿ ರೂಢಿ ಆಗಿರ್ತದ” ಎಂದಳು ಅವಳು.

ಈ ಮಾತು ಮುಗಿಯುವುದರೊಳಗೆ ಉಳಿದ ಒಲೆಗಳ ಹೆಂಗಸರೂ ತಮ್ಮ ತಮ್ಮ ಹಿಟ್ಟಿನ ಪರಾತಗಳನ್ನು ಒಂದು ಮೊಳ ಆಚೆಗೆ ಸರಿಸಿಕೊಂಡಿದ್ದರು. ಸಂಜೆಗೆ ಶಾಂತಲಿಂಗಪ್ಪನವರು ಬಂದು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, ಹೊಸ್ತಿಲು ನೋಡಿಕೊಂಡು ಹೇಳಿದರು: “ನೋಡವ್ವ ಹೀರಾಬಾಯಿ, ಇದು ಒಬ್ಬರ ಮನಿ ಊಟ ಅಲ್ಲ. ಸಾವಿರಾರು ಮಂದಿ ಉಣ್ಣೋ ಜಾಗ. ಆರಾಮಾಗೋ ತನಕ ನೀನು ಹಿಟ್ಟು ಮುಟ್ಟಬ್ಯಾಡ.”

ಅರ್ಧ ಬಡಿದ ರೊಟ್ಟಿ ಪರಾತದಲ್ಲೇ ಇತ್ತು. ಅದನ್ನು ಬಿಟ್ಟು ಎದ್ದು ಬಂದೆ. ದಾರಿಯಲ್ಲಿ ಅಳಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಹೊಟ್ಟೆ ತುಂಬ ಅತ್ತೆ.

ಊರ ಬಾಯಿಗೆ ಯಾರು ಮುಚ್ಚಳ ಹಾಕುತ್ತಾರೆ? ಹೀರಾಬಾಯಿಗೆ ಹತ್ತುವ ರೋಗ ಎನ್ನುವ ಸುದ್ದಿ ವಾರದೊಳಗೆ ಊರೆಲ್ಲ ತಿರುಗಿ, ಹೀರಾಬಾಯಿಗೇ ಕೊನೆಯದಾಗಿ ಗೊತ್ತಾಯಿತು. ಓಣಿಯಲ್ಲಿ ಮದುವೆಯಾದರೆ ನನ್ನನ್ನು ಕರೆದು ಅಂಗಳದ ತುದಿಯಲ್ಲಿ ಕೂಡಿಸಿ ಎಲೆ ಅಡಿಕೆ ಕೊಡುತ್ತಿದ್ದರು. ನನ್ನ ಮನೆಗೆ ಬಂದವರು ಚಹಾ ಬೇಡ, ಈಗಷ್ಟೇ ಕುಡಿದೆ ಎನ್ನುತ್ತಿದ್ದರು. ಇಡೀ ಊರು ಈಗಷ್ಟೇ ಚಹಾ ಕುಡಿದಿತ್ತು. ನನ್ನ ಗಂಡ ಚಂದ್ರಾಮಪ್ಪ ಮಾತು ಕಡಿಮೆಯ ಮನುಷ್ಯ. ಆತ ದಿನಕ್ಕೊಂದು ರೊಟ್ಟಿ ಹೆಚ್ಚು ತಿನ್ನತೊಡಗಿದ. ಸಮಾಧಾನ ಹೇಳುವ ಆತನ ರೀತಿ ಅದು.

ದೃಷ್ಟಿ ತೆಗೆಸಿದೆ. ಯಾರೋ ಹೇಳಿದರೆಂದು ಕೊತ್ತಂಬರಿ ನೆನೆಸಿದ ನೀರಲ್ಲಿ ಕಣ್ಣು ತೊಳೆದೆ. ಅಂಗೈಗೆ ಬೆರಳು ತಿಕ್ಕಿ ಬಿಸಿ ಮಾಡಿ ಒತ್ತಿಕೊಂಡೆ. ಗುಳ್ಳೆಗಳು ಜಗ್ಗಲಿಲ್ಲ. ಅಂಗೈಯಗಲದ ಕನ್ನಡಿಯೊಂದನ್ನು ಒಲೆಯ ಗೂಡಿನಲ್ಲಿ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ನೋಡಿಕೊಳ್ಳುವುದೇ ಕೆಲಸವಾಯಿತು. ಹಾಗೆ ನೋಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ಎದ್ದಾಗ ಗುಳ್ಳೆಗಳು ಅಷ್ಟಕ್ಕಷ್ಟೆ. ಇಪ್ಪತ್ತು ರೊಟ್ಟಿ ಬಡಿದು ಏಳುವಷ್ಟರಲ್ಲಿ ಎರಡರಷ್ಟು. ತಣ್ಣೀರು ಹಾಕಿಕೊಂಡು ನೆರಳಲ್ಲಿ ಕೂತರೆ ಸಂಜೆಗೆ ಮತ್ತೆ ಸಣ್ಣಗೆ. ಇದನ್ನು ಚಂದ್ರಾಮಪ್ಪನಿಗೆ ಹೇಳಿದೆ. “ಹಂಗಾದ್ರ ಸಿಟ್ಟಿಗಿ ಉಬ್ಬತಾವೇನೋ” ಎಂದ ಪುಣ್ಯಾತ್ಮ.

ಅದೇ ವರ್ಷ ಶ್ರಾವಣ ಮುಗಿದ ಮೇಲೆ ಶಾಂತಲಿಂಗಪ್ಪನವರ ಮನೆಗೆ ಸೊಸೆ ಬಂದಳು. ರೇವಮ್ಮ, ಸೊಲ್ಲಾಪುರ ಪೇಟೆಯಲ್ಲಿ ಬೆಳೆದ ಹುಡುಗಿ. ಚಪಾತಿ ಲಟ್ಟಿಸುವುದು ಬರುತ್ತಿತ್ತು, ಜೋಳದ ರೊಟ್ಟಿ ಬರುತ್ತಿರಲಿಲ್ಲ. ಬಾರದ್ದು ತಪ್ಪೇನಲ್ಲ. ಆದರೆ ಅವಳ ಮಾವನಿಗೆ ಮೂರು ಹೊತ್ತೂ ಜೋಳದ ರೊಟ್ಟಿಯೇ ಬೇಕು, ಅದೂ ಹಾಳೆಯಂತೆ ತೆಳ್ಳಗಿರಬೇಕು. ಅತ್ತೆ ಸುಭದ್ರಾಬಾಯಿಗೆ ಸೊಸೆ ಬಂದ ಮರುದಿನವೇ ಮೊಣಕಾಲು ನೋವು ಶುರುವಾಗಿ ಅಡುಗೆಮನೆಯ ಕಡೆ ಹಾಯುವುದು ನಿಂತಿತ್ತು.

ಒಂದು ಬೆಳಿಗ್ಗೆ ಹಿತ್ತಲ ಗೋಡೆಯ ಮೇಲಿಂದ ಒಂದು ಡಬ್ಬಿ ಹಿಟ್ಟು ಈಚೆ ಬಂತು. ಹಿಂದೆಯೇ ಒಂದು ಮುಖ ಬಂತು, ಅತ್ತು ಕೆಂಪಾಗಿದ್ದ ಮುಖ.

“ಚಿಗವ್ವ, ಎಂಟು ರೊಟ್ಟಿ ಬಡಿದು ಕೊಡ್ತೀರೇನು? ನಿನ್ನಿ ಮಾವಾರು ತಾಟು ಸರಿಸಿ ಎದ್ದು ಹೋದ್ರು.”

“ನನ್ನ ಕೈಯಾವು ನಿಮ್ಮ ಮನ್ಯಾಗ ನಡಿಯಂಗಿಲ್ಲವ್ವ. ನನಗ ಹತ್ತೋ ರೋಗ ಅದ ಅಂತ ನಿಮ್ಮ ಮಾವನೇ ಹೇಳ್ಯಾರ. ನೋಡಿಲ್ಲಿ” ಎಂದು ಕಣ್ಣು ತೋರಿಸಿದೆ.

ಹುಡುಗಿ ಗೋಡೆಯ ಮೇಲೆ ಮೊಣಕೈಯೂರಿ ನನ್ನ ರೆಪ್ಪೆಗಳನ್ನು ಒಂದೊಂದಾಗಿ ನೋಡಿದಳು. “ದಿನಾ ಬೈಸಿಕೊಳ್ಳೋದಕಿಂತ ಗುಳ್ಳಿ ಆದ್ರ ಆಗ್ಲಿ ಬಿಡ್ರಿ” ಎಂದಳು.

ಬಡಿದುಕೊಟ್ಟೆ. ಕೊಡಬಾರದಿತ್ತೇನೋ. ಆದರೆ ಎಷ್ಟೋ ದಿನಗಳ ಮೇಲೆ ಹೊರಗಿನ ಒಬ್ಬರು ನನ್ನ ಕೈಯ ರೊಟ್ಟಿ ಕೇಳಿ ಬಂದಿದ್ದರು. ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಆಣೆಯನ್ನೂ ಇಟ್ಟೆ. ಅಂದಿನಿಂದ ದಿನಾ ಬೆಳಿಗ್ಗೆ ಹಿಟ್ಟು ಗೋಡೆ ಹತ್ತಿ ಬರುವುದು, ರೊಟ್ಟಿ ಗೋಡೆ ಇಳಿದು ಹೋಗುವುದು.

ಹತ್ತು ಹದಿನೈದು ದಿನ ಕಳೆದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತದಾಯಿತು. ಊರು ಹೇಳುವುದು ನಿಜವೇ ಆಗಿದ್ದರೆ? ಹೊಸದಾಗಿ ಬಂದ ಹುಡುಗಿಯ ಕಣ್ಣಿಗೆ ನಾನೇ ಕೈಯಾರೆ ರೋಗ ಬಡಿದು ಕೊಡುತ್ತಿದ್ದರೆ? ಸುಭದ್ರಾಬಾಯಿಗೆ ಆದರೆ ಆಗಲಿ ಎಂದು ಒಂದು ಗಳಿಗೆ ಅನಿಸಿದ್ದೂ ಉಂಟು, ಮುಚ್ಚಿಡುವುದಿಲ್ಲ. ರೇವಮ್ಮನಿಗೆ ಮಾತ್ರ ಆಗಬಾರದಿತ್ತು. ಮರುದಿನವೇ ಬಸ್ಸು ಹತ್ತಿ ಆಳಂದಕ್ಕೆ ಹೋದೆ.

ದವಾಖಾನೆಯಲ್ಲಿ ಬುರಾನುದ್ದೀನ ಎನ್ನುವ ಡಾಕ್ಟರು ಇದ್ದರು. ನೆರೆತ ಗಡ್ಡ, ಮೆಲ್ಲಗಿನ ಮಾತು. ಬ್ಯಾಟರಿ ಹಿಡಿದು ನನ್ನ ರೆಪ್ಪೆ ನೋಡಿದರು. ಬೆಳಕು ಗುಳ್ಳೆಯೊಳಗೆ ಹಾಯ್ದು ಆಚೆ ಬರುತ್ತದೆ ಎಂದು ಪಕ್ಕದ ನರ್ಸಿಗೆ ತೋರಿಸಿದರು.

“ಏನ್ ಕೆಲಸ ಮಾಡ್ತೀರಿ ತಾಯಿ?”

“ರೊಟ್ಟಿ ಬಡೀತೇನ್ರಿ.”

“ಯಾವಾಗ ದೊಡ್ಡವು ಆಗ್ತಾವ?”

ಕನ್ನಡಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಡಾಕ್ಟರು ನಕ್ಕರು. “ನನ್ನ ಕೆಲಸ ನೀವೇ ಮಾಡಿ ಬಂದೀರಿ. ಇದು ಬೆವರು ತಾಯಿ, ಬ್ಯಾರೆ ಏನಲ್ಲ. ರೆಪ್ಪಿ ಮ್ಯಾಲೂ ಬೆವರಿನ ಸಣ್ಣ ಗ್ರಂಥಿ ಇರ್ತಾವ. ಅದರ ದಾರಿ ಕಟ್ಟಿದ್ರ ಬೆವರು ಹೊರಗ ಬರದೇ ಒಳಗೇ ನಿಲ್ತದ. ಧಗಿಗಿ ಕೂತ್ರ ಉಬ್ಬತದ, ತಂಪಾದ್ರ ಇಳೀತದ.”

“ಇನ್ನೊಬ್ಬರಿಗಿ ಹತ್ತತದೇನ್ರಿ?”

“ನಿಮ್ಮ ಬೆವರು ಇನ್ನೊಬ್ಬರ ಮೈಯಾಗ ಹ್ಯಾಂಗ ಹುಟ್ತದ?”

ಸೂಜಿ ತೆಗೆದು ಎಡಗಣ್ಣಿನ ಒಂದು ಗುಳ್ಳೆಯನ್ನು ಚುಚ್ಚಿದರು. ನೀರಿನಂತೆ ತಿಳಿಯಾದ ಒಂದು ಹನಿ ಹತ್ತಿಯ ಮೇಲೆ ಬಂತು, ಗುಳ್ಳೆ ಅಲ್ಲೇ ಮಲಗಿತು. ಬೇಕಿದ್ದರೆ ಎಲ್ಲವನ್ನೂ ಹೀಗೇ ಇಳಿಸುತ್ತೇನೆ, ಆದರೆ ಒಲೆಯ ಮುಂದೆ ಕೂತರೆ ಮತ್ತೆ ತುಂಬುತ್ತವೆ, ಬಿಟ್ಟರೂ ಏನೂ ಕೆಡುಕಿಲ್ಲ ಎಂದರು. ಬಿಡಿ ಎಂದೆ. ಆ ದಿನ ಬಸ್ಸಿನಲ್ಲಿ ಕೂತು, ಪಕ್ಕದವಳು ಹುಚ್ಚಿ ಎಂದುಕೊಂಡರೂ ಚಿಂತೆಯಿಲ್ಲದೆ, ಊರು ಬರುವವರೆಗೂ ಒಬ್ಬಳೇ ನಗುತ್ತಾ ಬಂದೆ.

ಇದು ಹತ್ತುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ನೇರವಾಗಿ ಶಾಂತಲಿಂಗಪ್ಪನವರ ಕಟ್ಟೆಗೆ ಹೋದೆ. ಅವರು ಓದಿದರು, ಹಿಂದೆಮುಂದೆ ತಿರುಗಿಸಿ ನೋಡಿದರು, ವಾಪಸು ಕೊಟ್ಟರು. “ಡಾಕ್ಟರು ಹತ್ತಂಗಿಲ್ಲ ಅಂತಾರ. ನಾಳಿ ಹತ್ತಿದ್ರ ಡಾಕ್ಟರು ಬಂದು ಊರಿಗಿ ಉತ್ತರ ಕೊಡ್ತಾರೇನು? ನಾನು ಕೊಡಬೇಕು. ಗುಳ್ಳಿ ಹೋದ ದಿನ ಬಾರವ್ವ.” ಹಾಗೆನ್ನುವಾಗ ಅವರ ಮುಂದೆ ತಾಟಿತ್ತು. ತಾಟಿನಲ್ಲಿ ನನ್ನ ರೊಟ್ಟಿ ಇತ್ತು. ಪಲ್ಯದೊಂದಿಗೆ ಅದನ್ನು ಮುರಿದು ಬಾಯಿಗೆ ಇಟ್ಟುಕೊಂಡು, ಅಗಿಯುತ್ತಲೇ ನನಗೆ ಬುದ್ಧಿ ಹೇಳಿದರು. ರೇವಮ್ಮನಿಗೆ ಕೊಟ್ಟ ಆಣೆ ಇತ್ತು. ಚೀಟಿ ಮಡಚಿಕೊಂಡು ಬಂದೆ.

ಚಳಿಗಾಲದಲ್ಲಿ ಗುಳ್ಳೆಗಳು ಕಂಡೂ ಕಾಣದಂತೆ ಇಳಿದವು. ಬೇಸಿಗೆ ಬಂದ ಕೂಡಲೇ ಇನ್ನೆರಡನ್ನು ಜೊತೆಗೆ ಕರೆದುಕೊಂಡು ಬಂದವು. ಈಗ ಒಂಬತ್ತು. ರೇವಮ್ಮನಿಗೆ ದಿನಾ ಗೋಡೆಯ ಈಚೆಗೆ ನಿಂತು ಕಲಿಸುತ್ತಿದ್ದೆ. ಎಸರು ಎಷ್ಟಿರಬೇಕು, ಹಿಟ್ಟು ಎಷ್ಟು ನಾದಬೇಕು, ಅಂಗೈ ಎಲ್ಲಿ ಭಾರ ಹಾಕಬೇಕು, ಎಲ್ಲ ಹೇಳಿದೆ. ಬಡಿಯುತ್ತಿದ್ದಳು ಪಾಪ. ಅವಳ ರೊಟ್ಟಿ ಒಮ್ಮೆ ಅಂಚು ಸೀಳುತ್ತಿತ್ತು, ಇನ್ನೊಮ್ಮೆ ಹಂಚಿಗೇ ಅಂಟುತ್ತಿತ್ತು. ಬೆರಳ ತುದಿಗಳೆಲ್ಲ ಸುಟ್ಟುಕೊಂಡಿದ್ದಳು. ಅವಳ ಮಾವ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ನನ್ನ ಸೊಸೆಯಂಥ ರೊಟ್ಟಿ ಬಡಿಯುವವರು ಆಳಂದ ತಾಲೂಕಿನಲ್ಲೇ ಇಲ್ಲ ಎಂದು. ಅದನ್ನು ಕೇಳಿದಾಗ ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಒಳಗೊಳಗೆ ಸ್ವಲ್ಪ ಖುಷಿಯೂ ಆಗುತ್ತಿತ್ತು.

ಹಾಗೆ ಮತ್ತೊಂದು ಶ್ರಾವಣ ಬಂತು. ಒಲೆಗಳನ್ನು ಹಂಚುವ ಸಭೆ ಮಠದ ಅಂಗಳದಲ್ಲಿ ಸೇರಿತು. ಗಂಡಸರು ಮುಂದೆ, ಹೆಂಗಸರು ಕಂಬಗಳ ಹಿಂದೆ. ನನಗೆ ಕರೆಯಿರಲಿಲ್ಲ. ಕರೆಯದಿದ್ದರೂ ಹೋಗಿ ಕೊನೆಯ ಕಂಬಕ್ಕೆ ಒರಗಿ ಕೂತೆ. ರೇವಮ್ಮ ಸರಿದು ಬಂದು ನನ್ನ ಪಕ್ಕ ಕೂತಳು. ಜಗಲಿಯ ಮೇಲೆ ಮಠದ ಅಯ್ಯನವರು ಕೂತಿದ್ದರು, ಎಪ್ಪತ್ತು ದಾಟಿದ ಮುದುಕರು. ಶಾಂತಲಿಂಗಪ್ಪನವರು ಎದ್ದು ನಿಂತು ಕಾಗದ ಬಿಚ್ಚಿದರು.

“ಈ ವರ್ಷ ಮೊದಲನೇ ಒಲಿ ನಮ್ಮ ಸೊಸಿ ರೇವಮ್ಮಗ. ಮಾವ ಅಂತ ಹೇಳಾಕತ್ತಿಲ್ಲ. ಇಡೀ ಊರಾಗ ಅಷ್ಟು ತೆಳ್ಳಗ ಬಡಿಯೋ ಕೈ ಇನ್ನೊಂದಿಲ್ಲ. ವರ್ಷ ಆಗಾಕ ಬಂತು, ದಿನಾ ನಾನೇ ತಿನ್ನಾಕತ್ತೇನಿ.”

ಸುತ್ತ ಕೂತವರು ತಲೆದೂಗಿದರು. ರೇವಮ್ಮ ನನ್ನ ಕೈ ಹಿಡಿದಳು.

ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇದ್ದಂತೆ ಹೇಳುತ್ತೇನೆ. ಕೂಡಲಿ, ಮೊದಲ ಒಲೆಯ ಮುಂದೆ ಈ ಹುಡುಗಿಯೇ ಕೂಡಲಿ ಎನಿಸಿತು. ಎಲ್ಲರ ಎದುರು ಮೊದಲ ರೊಟ್ಟಿಯ ಅಂಚು ಸೀಳಲಿ. ನಾನು ಆಣೆ ಮುರಿಯುವುದೇ ಬೇಡ, ಒಲೆಯೇ ಸತ್ಯ ಹೇಳುತ್ತದೆ. ಹನ್ನೊಂದು ತಿಂಗಳ ಸಿಟ್ಟು ಅದು, ಸಿಹಿಯಾಗಿತ್ತು. ಆಮೇಲೆ ನನ್ನ ಕೈಯಲ್ಲಿದ್ದ ಅವಳ ಸುಟ್ಟ ಬೆರಳುಗಳನ್ನು ನೋಡಿದೆ. ಊರ ಮುಂದೆ ಪರಾತ ಬಿಟ್ಟು ಎದ್ದು ಹೋಗುವುದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಚಿಕೆಯಾಯಿತು.

“ರೊಟ್ಟಿ ಶುರು ಆಗೋ ದಿನ ಜ್ವರ ಬಂದಾವ ಅಂತ ಹೇಳಿ ಮಲಕೋ” ಎಂದು ಅವಳ ಕಿವಿಯಲ್ಲಿ ಹೇಳಿದೆ. “ನಾ ಬಾಯಿ ಬಿಡಂಗಿಲ್ಲ.”

ಅವಳು ಒಂದು ಕ್ಷಣ ನನ್ನ ಕಣ್ಣುಗಳನ್ನೇ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಎದ್ದು ನಿಂತಳು. ನಮ್ಮ ಕಡೆ ಸೊಸೆ ಮಾವನ ಎದುರು ಬಾಯಿ ತೆರೆಯುವುದಿಲ್ಲ. ನೀರು ಬೇಕೋ ಎಂದು ಕೇಳಬೇಕಾದರೂ ಗೋಡೆಗೆ ಕೇಳಿದಂತೆ ಕೇಳುತ್ತಾರೆ. ಅಂಥದ್ದರಲ್ಲಿ ತುಂಬಿದ ಸಭೆಯಲ್ಲಿ ಇವಳ ದನಿ ಎದ್ದಿತು.

“ಮಾವಾರ, ನೀವು ತಿಂದ ರೊಟ್ಟಿ ನನ್ನ ಕೈಯಾವು ಅಲ್ರಿ. ಹೀರಾ ಚಿಗವ್ವನ ಕೈಯಾವು. ದಿನಾ ಮುಂಜಾನಿ ಗ್ವಾಡಿ ಮ್ಯಾಲಿಂದ ಇಸ್ಕೊಂಡು ಬರ್ತೇನಿ. ನನಗ ಬಡಿಯಾಕ ಬರಂಗಿಲ್ಲ.”

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ.

“ಅವರ ಕಣ್ಣಾಗಿನ ಗುಳ್ಳಿ ನೋಡಿಕೋತ ನಿಂತೇ ತಂದೇನಿ. ಹತ್ತೋದಿದ್ರ ಊರಾಗ ಎಲ್ಲಾರಕಿಂತ ಮೊದಲು ನಿಮಗೇ ಹತ್ತಬೇಕಿತ್ತು.”

“ಹಂಗಾದ್ರ ನೀ ಬಡಿದಾವು ಎಲ್ಲಿ ಹೋದುವು ಬೇ?” ಎಂದು ಸುಭದ್ರಾಬಾಯಿ ಆಚೆ ಕಂಬದಿಂದ ಕೇಳಿದಳು.

“ದಪ್ಪನ್ನಾವು ನಾನೇ ತಿಂತಿದ್ದೆ, ಅತ್ತಿ.”

ಶಾಂತಲಿಂಗಪ್ಪನವರು ಕಾಗದ ಹಿಡಿದು ನಿಂತೇ ಇದ್ದರು. ಸಭೆ ಅವರ ಮುಖವನ್ನೇ ನೋಡುತ್ತಿತ್ತು. ಮುಖವನ್ನಲ್ಲ, ರೆಪ್ಪೆಯನ್ನು. ಮುಂದಿನ ಸಾಲಿನವರು ಕೂತಲ್ಲೇ ಕತ್ತು ಎತ್ತಿದರು, ಹಿಂದಿನವರು ಮೊಣಕಾಲ ಮೇಲೆ ಎದ್ದರು. ಜಗಲಿಯ ಮೇಲಿಂದ ಅಯ್ಯನವರು ಕೈ ಮಾಡಿ ಕರೆದರು.

“ಶಾಂತಲಿಂಗಪ್ಪ, ಜರಾ ಇಲ್ಲಿ ಬೆಳಕಿಗಿ ಬಾ. ಚಸ್ಮಾ ತಗಿ.”

ಅವರು ಹೋಗಿ ಚಸ್ಮಾ ತೆಗೆದು ಬಗ್ಗಿ ನಿಂತರು. ಅಯ್ಯನವರು ಹೆಬ್ಬೆರಳಿನಿಂದ ಅವರ ಕೆಳರೆಪ್ಪೆಗಳನ್ನು ಒಂದೊಂದಾಗಿ ಎಳೆದು, ಸಾವಕಾಶ ನೋಡಿದರು. ಎತ್ತಿನ ಹಲ್ಲು ನೋಡುವವರೂ ಅಷ್ಟು ಹೊತ್ತು ನೋಡುವುದಿಲ್ಲ.

“ಏನೂ ಇಲ್ಲ” ಎಂದರು. “ನಂದಕಿಂತ ನಿಂದೇ ಸ್ವಚ್ಛ ಅದ.”

ಯಾರೋ ಒಬ್ಬರು ಕಿಸಕ್ಕೆಂದರು. ಅಷ್ಟು ಸಾಕಾಯಿತು. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ, ಅಲ್ಲಿಂದ ಕಂಬಗಳ ಹಿಂದಕ್ಕೆ ಬಂತು. ಸುಭದ್ರಾಬಾಯಿ ಎರಡೂ ಕೈಯಿಂದ ತನ್ನ ರೆಪ್ಪೆಗಳನ್ನು ತಡವಿಕೊಳ್ಳುತ್ತಿದ್ದಳು, ಏನೂ ಸಿಗದೆ ಮತ್ತೆ ತಡವಿಕೊಳ್ಳುತ್ತಿದ್ದಳು. ಅವಳನ್ನು ಕಂಡು ನಾನೂ ನಕ್ಕೆ. ಅಷ್ಟು ತಿಂಗಳ ಭಾರ ಆ ನಗುವಿನಲ್ಲೇ ಇಳಿದು ಹೋಯಿತು.

ನಾನು ಎದ್ದು ಕಂಬದ ಹಿಂದಿನಿಂದ ಅಂಗಳದ ನಡುವಿಗೆ ಬಂದೆ. ಸೆರಗು ಹಿಂದಕ್ಕೆ ಸರಿಸಿ, ಮುಖ ಎತ್ತಿ, ಸುತ್ತ ಒಂದು ಸಲ ತಿರುಗಿದೆ.

“ಎಲ್ಲಾರೂ ಸರಿಯಾಗಿ ನೋಡ್ರಿ. ಒಂಬತ್ತು ಅವ. ಒಳಗ ಇರೋದು ನನ್ನ ಬೆವರು, ನಿಮ್ಮ ಮಠದ ಒಲಿ ಮುಂದ ಹನ್ನೆರಡು ವರ್ಷ ಸುರಿಸಿದ್ದೇ. ಡಾಕ್ಟರು ಸೂಜಿಲೇ ಒಡೀತೇನಿ ಅಂತಾರ. ಒಡಿಸಿಕೊಂಡು, ಕದ್ದು ಮುಚ್ಚಿ ನಾನು ಬರಂಗಿಲ್ಲ. ಬಂದ್ರ ಹಿಂಗೇ ಬರ್ತೇನಿ.”

“ಹಂಗೇ ಬಾ ತಾಯಿ” ಎಂದರು ಅಯ್ಯನವರು.

ಶಾಂತಲಿಂಗಪ್ಪನವರು ಚಸ್ಮಾ ಹಾಕಿಕೊಂಡರು. ಕಿಸೆಯಿಂದ ಪೆನ್ನು ತೆಗೆದು ಕಾಗದದ ಮೇಲೆ ಒಂದು ಹೆಸರು ಹೊಡೆದು ಇನ್ನೊಂದು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಎಂದು ನಾನೇ ಕೇಳಿದೆ. ಓದಿದರು. ಇನ್ನೊಮ್ಮೆ ಓದಿ ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ತಿರುಗಿ ನೋಡಿದರೆ ಮಾತು ಕಡಿಮೆಯ ನನ್ನ ಚಂದ್ರಾಮಪ್ಪ.

ರೊಟ್ಟಿ ಶುರುವಾದ ದಿನ ಬೆಳಿಗ್ಗೆ ತೊಗರಿ ಕಟ್ಟಿಗೆಯ ಉರಿ ಎದ್ದು ಹಂಚು ಕಾಯುವಷ್ಟರಲ್ಲೇ ನನ್ನ ರೆಪ್ಪೆಗಳು ಭಾರವಾದವು. ಒಂಬತ್ತೂ ಉಬ್ಬಿರಬೇಕು. ನೋಡಿಕೊಳ್ಳಲು ಹೋಗಲಿಲ್ಲ. ರೇವಮ್ಮ ಪಕ್ಕದಲ್ಲಿ ಕೂತು ಹಿಟ್ಟು ನಾದಿ ಉಂಡೆ ಕಟ್ಟಿ ಕೊಡುತ್ತಿದ್ದಳು. ಉಳಿದ ಒಲೆಗಳ ಹೆಂಗಸರು ಪರಾತಗಳನ್ನು ಹತ್ತಿರ ಎಳೆದುಕೊಂಡು ಕೂತಿದ್ದರು. ಮೊದಲ ರೊಟ್ಟಿ ತುಂಬಿ ಉಬ್ಬಿತು. ಅದನ್ನು ಅಯ್ಯನವರೇ ಬಂದು ಒಯ್ದರು.

ಮಧ್ಯಾಹ್ನ ಬಾಗಿಲಲ್ಲಿ ನೆರಳಾಯಿತು. ಶಾಂತಲಿಂಗಪ್ಪನವರು ನಿಂತಿದ್ದರು. ಈ ಸಲ ಹೊಸ್ತಿಲು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿ ಖಾಲಿ ತಾಟು.

“ತಪ್ಪಾಯ್ತವ್ವ ಹೀರಾಬಾಯಿ” ಎಂದರು, ಏಳು ಒಲೆಗೂ ಕೇಳುವಂತೆ.

ಹಂಚಿನಿಂದ ಬಿಸಿ ರೊಟ್ಟಿ ತೆಗೆದು ತಾಟಿಗೆ ಹಾಕಿದೆ. ಅಲ್ಲೇ ನಿಂತು ಮುರಿದು ತಿಂದರು. ತಿಂದು ಮುಗಿಸಿದ ಮೇಲೂ ಹೋಗಲಿಲ್ಲ.

“ನಾಳಿಂದ ಮನ್ಯಾಗ ರೊಟ್ಟಿ ಹ್ಯಾಂಗ?” ಎಂದು ಮೆಲ್ಲಗೆ ಕೇಳಿದರು.

“ನಿಮ್ಮ ಸೊಸಿ ಬಡೀತಾಳ್ರಿ, ಅಣ್ಣಾರ” ಎಂದೆ. “ದಪ್ಪ ಇರ್ತಾವ. ಸುಮ್ನ ತಿನ್ರಿ.”